ಫೈಲಿಗೆ ಸೇರದ ಚೀಟಿಗಳು

ಫೆಬ್ರವರಿ 3

ಪೂಜ್ಯ ಭಾವನವರಿಗೆ,

ನಮಸ್ಕಾರಗಳು. ನಿಮ್ಮ ತಮ್ಮನ ಹೆಂಡತಿ ಬರೆಯುತ್ತಿದ್ದೇನೆ. ಮದುವೆಯಾಗಿ ಎರಡು ವರ್ಷ ನಾಲ್ಕು ತಿಂಗಳಾದ ಮೇಲೆ ಮೊದಲ ಪತ್ರ ಬರೆಯುವ ನಾದಿನಿಯನ್ನು ಯಾರೂ ಎದ್ದು ನಿಂತು ಸ್ವಾಗತಿಸಲಾರರು, ಗೊತ್ತು. ನೋಂದಣಿ ಕಚೇರಿಯಲ್ಲಿ ಹತ್ತು ನಿಮಿಷದಲ್ಲಿ ಮುಗಿದ ಆ ಮದುವೆಗೆ ನಿಮ್ಮನ್ನು ಕೇಳಲಿಲ್ಲವೆಂದು ನಿಮಗೆ ಸಿಟ್ಟಿದೆ ಎಂದು ಇವರು ಹೇಳುತ್ತಾರೆ. ಫೋನ್ ಮಾಡೋಣವೆಂದರೆ, "ಅಣ್ಣನಿಗೆ ಕಿವಿ ಕೇಳಲ್ಲ, ಕೂಗಿ ಕೂಗಿ ನಿನ್ನ ಗಂಟಲು ಹರಿದುಹೋಗುತ್ತೆ" ಅನ್ನುತ್ತಾರೆ. ಹಾಗಾಗಿ ಪತ್ರ. ಈ ಅಕ್ಷರ ನನಗೆ ಅಮ್ಮ ಕಲಿಸಿದ್ದು. ಅವಳು ಹೋದ ಮೇಲೆ ಬರೆದು ತೋರಿಸಲು ಯಾರೂ ಇಲ್ಲದೆ ಕೈ ಜಡ್ಡಾಗಿದೆ. ತಪ್ಪಿದ್ದರೆ ನುಂಗಿಕೊಳ್ಳಿ.

ವಿಷಯ ಇಷ್ಟು. ಇವರ ವಿದ್ಯಾರ್ಥಿ ವೀಸಾ ಆಗಸ್ಟ್ 31ಕ್ಕೆ ಮುಗಿಯುತ್ತದೆ. ನಾನು ಇಲ್ಲಿಯ ಪ್ರಜೆ. ಹೆಂಡತಿಯಾಗಿ ನಾನು ಜವಾಬ್ದಾರಿ ಹೊತ್ತು ಸಹಿ ಹಾಕಿದರೆ ಇವರಿಗೆ ಇಲ್ಲಿ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಆಗದಿದ್ದರೆ ಸೆಪ್ಟೆಂಬರಿನಲ್ಲಿ ನಾನೊಬ್ಬಳೇ ಎರಡು ಕೋಣೆಯ ಮನೆ ಗುಡಿಸಬೇಕು. ಮದುವೆ ಬರೀ ಕಾಗದದ್ದಲ್ಲ, ನಿಜವಾದದ್ದು ಎಂದು ತೋರಿಸಲು ವಲಸೆ ಕಚೇರಿಯವರು ಫೋಟೋ ಕೇಳುತ್ತಾರೆ, ಮನೆಯ ಕರಾರು ಕೇಳುತ್ತಾರೆ, ಎರಡೂ ಮನೆಗಳ ನಡುವೆ ಓಡಾಡಿದ ಪತ್ರಗಳನ್ನು ಅಂಚೆ ಮುದ್ರೆ ಸಮೇತ ಕೇಳುತ್ತಾರೆ. "ಅಣ್ಣ ನಾಟಕದವನು, ಪತ್ರ ಚೆನ್ನಾಗಿ ಬರೀತಾನೆ, ನೀನು ಶುರು ಮಾಡು" ಎಂದದ್ದು ಇವರೇ.

ನನ್ನ ಬಗ್ಗೆ: ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸ. ಮೇಣದಲ್ಲಿ ವಸಡು ತಿದ್ದಿ ಒಂದೊಂದೇ ಹಲ್ಲು ಕೂರಿಸುತ್ತೇನೆ. ಎಷ್ಟೋ ಜನರ ನಗು ನನ್ನ ಕೈಯಲ್ಲಿ ಹುಟ್ಟಿದೆ, ಮುಖ ಮಾತ್ರ ಒಂದನ್ನೂ ನೋಡಿಲ್ಲ. ನಿಮ್ಮ ಮುಖವನ್ನೂ ಇನ್ನೂ ನೋಡಿಲ್ಲ. ಎರಡು ಸಾಲು ಬರೆಯಿರಿ, ಬೈದರೂ ಸರಿ.

ನಿಮ್ಮ ತಮ್ಮನ ಹೆಂಡತಿ


ಫೆಬ್ರವರಿ 21

ಚಿರಂಜೀವಿ ತಂಗಿಗೆ,

ಅನೇಕ ಆಶೀರ್ವಾದಗಳು. ಅಂಚೆಯವನು ನಿಮ್ಮ ಪತ್ರ ಕೊಟ್ಟಾಗ ನಾನು ಗಡ್ಡಕ್ಕೆ ಸಾಬೂನು ಹಚ್ಚಿಕೊಂಡು ನಿಂತಿದ್ದೆ. ಹಾಗೇ ನಿಂತು ಓದಿದೆ. ಓದಿ ಮುಗಿಸುವಷ್ಟರಲ್ಲಿ ಸಾಬೂನು ಒಣಗಿ ಮುಖ ಬಿಗಿದುಹೋಗಿತ್ತು. ನಲವತ್ತು ವರ್ಷ ಬಣ್ಣ ಬಳಿದುಕೊಂಡ ಮುಖ ತಾಯಿ ಇದು, ಯಾವ ಬಣ್ಣವೂ ಹಾಗೆ ಬಿಗಿದಿರಲಿಲ್ಲ.

ಸಿಟ್ಟಿತ್ತು. ಇಲ್ಲವೆಂದರೆ ಸುಳ್ಳಾದೀತು. ಒಡಹುಟ್ಟಿದ ತಮ್ಮ, ಎತ್ತಿ ಆಡಿಸಿದ ಕೂಸು, ಅಣ್ಣನಿಗೆ ಒಂದು ಮಾತು ಹೇಳದೆ ಕೈಹಿಡಿದನಲ್ಲ ಎಂದು ಈ ಎದೆಯಲ್ಲಿ ಕುಲುಮೆ ಉರಿದದ್ದು ನಿಜ. ಆದರೆ ನಿಮ್ಮ ಅಕ್ಷರ ಕಂಡ ಕೂಡಲೇ ಉರಿ ಇಳಿದು ಬೂದಿಯಾಯಿತು. ಇಂದಿನಿಂದ ಈ ಮನೆಗೆ ನೀವು ಮಗಳು. ಯಾವ ಕಚೇರಿಯ ಯಾವ ಅಧಿಕಾರಿ ಬಂದು ಕೇಳಿದರೂ ಬಾಗಿಲಲ್ಲಿ ನಿಂತು, ಹಿಂದಿನ ಸಾಲಿನವರಿಗೂ ಕೇಳುವಂತೆ, ಇದನ್ನೇ ಹೇಳುತ್ತೇನೆ.

ನನ್ನ ಪರಿಚಯ ಬೇಕಲ್ಲ. ಹದಿನೇಳು ರಾಜ್ಯಗಳನ್ನು ಆಳಿದ್ದೇನೆ. ಒಂಬತ್ತು ಸಲ ಕೊಲೆಯಾಗಿದ್ದೇನೆ. ಒಮ್ಮೆ ಸತ್ತು ಬಿದ್ದಾಗ ಪ್ರೇಕ್ಷಕರು ಒನ್ಸ್ ಮೋರ್ ಎಂದು ಕೂಗಿದ್ದಕ್ಕೆ ಎದ್ದು, ಮೈ ಕೊಡವಿಕೊಂಡು, ಮೊದಲಿಗಿಂತ ಚೆನ್ನಾಗಿ ಮತ್ತೊಮ್ಮೆ ಸತ್ತಿದ್ದೇನೆ. ಕಂಪನಿ ಮುಚ್ಚಿ ಮೂರು ವರ್ಷವಾಯಿತು. ನಗಾರಿಯ ಪಕ್ಕ ನಿಂತು ನಿಂತು ಕಿವಿಗಳು ನನಗಿಂತ ಮೊದಲೇ ನಿವೃತ್ತಿಯಾಗಿದ್ದವು. ನಿಮ್ಮ ಯಜಮಾನ ಏಳನೇ ವಯಸ್ಸಿಗೆ ರಾಜಕುಮಾರನಾಗಿ ಸಿಂಹಾಸನದ ಮೇಲೆ ಕೂತು, ಪಟ್ಟಾಭಿಷೇಕದ ನಡುವೆಯೇ ಗೊರಕೆ ಹೊಡೆದವನು. ಅಂದಿನಿಂದ ಅವನು ನಮಗೆಲ್ಲ ದೊರೆ. ಈಗ ಮನೆಯಲ್ಲಿ ನಾನು ಮತ್ತು ಕಂಪನಿಯ ಉಡುಪು ಹೊಲಿಯುತ್ತಿದ್ದವಳು, ಇಬ್ಬರೇ. ಅವಳು ಈಗ ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ.

ನಿಮ್ಮ ಭಾವ

(ಈ ಚೀಟಿ ಬೇರೆ. ಫೈಲಿಗೆ ಸೇರಿಸಬೇಡಿ. ನೀವು ನಮ್ಮ ಮನೆಗೆ ಮಾಡುತ್ತಿರುವ ಉಪಕಾರವನ್ನು ರಕ್ತ ಹಂಚಿಕೊಂಡವರೂ ಮಾಡಲಾರರು. ಹೊಲಿಗೆಯವಳೂ ನಿಮಗೆ ಕೈಮುಗಿದು ಹೇಳಲು ಹೇಳಿದ್ದಾಳೆ. ದಿನಾ ನಿಮ್ಮನ್ನು ನೆನೆಯುತ್ತಾಳೆ.)


ಮಾರ್ಚ್ 12

ಪ್ರೀತಿಯ ಭಾವನವರಿಗೆ,

ನಿಮ್ಮ ಪತ್ರವನ್ನು ಲ್ಯಾಬಿಗೆ ಒಯ್ದು ಊಟದ ಹೊತ್ತಿನಲ್ಲಿ ಎಲ್ಲರಿಗೂ ಅವರ ಭಾಷೆಯಲ್ಲಿ ಹೇಳಿದೆ. ಎರಡನೇ ಸಲ ಸತ್ತ ಕಥೆಗೆ ನಮ್ಮ ಮುದುಕ ಮೇಸ್ತ್ರಿ ಅಚ್ಚಿನ ಗಾರೆ ಗಟ್ಟಿಯಾಗುವವರೆಗೂ ನಕ್ಕರು. "ಇಷ್ಟು ದೊಡ್ಡ ದನಿ ಕಟ್ಟುಹಲ್ಲಿನಿಂದ ಬರಲ್ಲ ಕಣೇ, ನಿನ್ನ ಭಾವನಿಗೆ ಸ್ವಂತ ಹಲ್ಲೇ ಇರಬೇಕು" ಅಂದರು. ಹೌದೋ?

ನಾನು ಅತ್ತೆ. ನಿಮಗೆ ಹೇಳಲು ನಾಚಿಕೆಯಿಲ್ಲ. ಅಮ್ಮ ಹೋದ ಮೇಲೆ ನನ್ನನ್ನು ಮಗಳು ಎಂದವರು ನೀವೇ ಮೊದಲು. ಪತ್ರ ಫೈಲಿಗೆ ಹೋಯಿತು, ಚೀಟಿ ನನ್ನ ಪರ್ಸಿನಲ್ಲಿದೆ. ಉಪಕಾರ ಅಂದಿದ್ದೀರಿ. ನನ್ನ ಗಂಡನನ್ನು ನನ್ನ ಹತ್ತಿರ ಇಟ್ಟುಕೊಳ್ಳುವುದು ಯಾರಿಗೆ ಉಪಕಾರ, ಭಾವ? ನನಗೇ ತಾನೆ.

ಇವರು ನಿಮ್ಮ ಪತ್ರ ಓದಿದರು. ಕೂತು ಬೂಟಿಗೆ ಪಾಲಿಶ್ ಹಾಕಿದರು. ಹೊಳೆಯುತ್ತಿದ್ದ ಬೂಟು.

ಅರ್ಜಿ ಸಲ್ಲಿಸಿದ್ದಾಯಿತು. ಜೂನ್ 25ಕ್ಕೆ ಸಂದರ್ಶನ. ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಒಂದೇ ಪ್ರಶ್ನೆ ಕೇಳುತ್ತಾರಂತೆ. ಆ ದಿನಕ್ಕೆ ನಿಮ್ಮಿಂದ ಸಹಿ ಮಾಡಿದ ಹೇಳಿಕೆಯೂ ಬೇಕು: ಇವನು ನನ್ನ ತಮ್ಮ, ಇದಕ್ಕೂ ಮೊದಲು ಇವನಿಗೆ ಮದುವೆ ಆಗಿರಲಿಲ್ಲ, ಈ ಮದುವೆಯನ್ನು ಮನೆಯವರು ಒಪ್ಪಿದ್ದೇವೆ ಎಂದು. ಅಷ್ಟೇ.

ಹೊಲಿಗೆಯವರು ನಿಮಗೆ ಏನಾಗಬೇಕು? ಅಕ್ಕ ಅನ್ನಲೇ, ತಂಗಿ ಅನ್ನಲೇ? ನನ್ನನ್ನು ದಿನಾ ನೆನೆಯುವವರಿಗೆ ಒಂದು ಸಾಲು ಬರೆಯದಿದ್ದರೆ ಹೇಗೆ.

ನಿಮ್ಮ ಮಗಳು (ಬರೆದು ನೋಡಿದೆ)


ಏಪ್ರಿಲ್ 2

ಚಿರಂಜೀವಿ ತಂಗಿಗೆ,

ಆಶೀರ್ವಾದಗಳು. ಹಲ್ಲು ಇಪ್ಪತ್ತೆಂಟು, ಎಲ್ಲ ಸ್ವಂತದ್ದು. ನಿಮ್ಮ ಮೇಸ್ತ್ರಿಗೆ ಹೇಳಿ, ಪಂದ್ಯ ಕಟ್ಟಲಿ.

ಸಂದರ್ಶನದ ಸುದ್ದಿ ಕೇಳಿ ಮುದಿ ಕುದುರೆಗೆ ನಗಾರಿ ಕೇಳಿದಂತಾಯಿತು. ತಾಲೀಮಿಲ್ಲದೆ ಯಾರಾದರೂ ರಂಗ ಹತ್ತುತ್ತಾರೆಯೇ? ಎಷ್ಟು ದೊಡ್ಡ ನಟನಾದರೂ ಪರದೆ ಎದ್ದಾಗ ಸ್ವಂತ ಹೆಸರು ಮರೆಯುತ್ತಾನೆ, ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಅರವತ್ತು ಪ್ರಶ್ನೆ, ಅರವತ್ತು ಉತ್ತರ ಬರೆದು ಎರಡು ಪ್ರತಿ ಇಟ್ಟಿದ್ದೇನೆ, ದೊರೆಗೊಂದು, ನಿಮಗೊಂದು. ಮೊದಲ ಭೇಟಿ ಎಲ್ಲಿ: ಗ್ರಂಥಾಲಯದಲ್ಲಿ. ಚಹಾಕ್ಕೆ ಸಕ್ಕರೆ: ಇಲ್ಲ. ಮಂಚದ ಯಾವ ಪಕ್ಕ: ಅವನು ಎಡ, ನೀವು ಬಲ. ಹೀಗೆ. ಇಬ್ಬರೂ ಒಂದೇ ಮಾತು ಹೇಳಬೇಕು, ಅದೇ ಮುಖ್ಯ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಗಟ್ಟಿಯಾಗಿ ಓದಿ.

ಹೊಲಿಗೆಯವಳನ್ನು ಅಕ್ಕ ಅನ್ನಿ, ಸಾಕು. ಪತ್ರ ಬರೆಯುವುದು ಬೇಡ. ಅವಳಿಗೆ ಮುಜುಗರ.

ನಿಮ್ಮ ಭಾವ

(ಇದು ಫೈಲಿಗಲ್ಲ. ನಿಮ್ಮ ಹಾಲಿನ ಸೋಫಾದ ಮೇಲೆ ಎರಡು ವರ್ಷ ಮಲಗಿ ದೊರೆಯ ಬೆನ್ನು ಏನಾಗಿದೆಯೋ. ಕೇಳಿದರೆ ಅವನು ಹೇಳುವುದಿಲ್ಲ. ಒಬ್ಬ ಹೆಣ್ಣುಮಗಳ ಮನೆಯಲ್ಲಿ ಹೀಗೆ ಬಿದ್ದುಕೊಂಡಿರುವುದು ನಿಮಗೂ ಎಷ್ಟು ತೊಂದರೆ. ಇನ್ನು ಕೆಲವೇ ತಿಂಗಳು, ಸಹಿಸಿಕೊಳ್ಳಿ.)


ಏಪ್ರಿಲ್ 19

ಪ್ರೀತಿಯ ಭಾವನವರಿಗೆ,

ಯಾವ ಸೋಫಾ? ನಮ್ಮ ಮನೆಯಲ್ಲಿ ಸೋಫಾ ಇಟ್ಟರೆ ನಾವು ಹೊರಗೆ ನಿಲ್ಲಬೇಕು. ಇರುವುದು ಒಂದೇ ಮಂಚ, ಅದೂ ಒಬ್ಬರ ಅಳತೆಯದು. ಗೋಡೆಯ ಪಕ್ಕ ನಾನು. ನಿಮ್ಮ ದೊರೆ ಈಗಲೂ ಪಟ್ಟಾಭಿಷೇಕದ ಗೊರಕೆಯನ್ನೇ ಹೊಡೆಯುತ್ತಾರೆ, ನಡುವೆ ಮೊಣಕೈಯಿಂದ ತಿವಿದು ನನ್ನನ್ನು ಗೋಡೆಗೆ ಅಂಟಿಸುತ್ತಾರೆ. ಬೆನ್ನು ನೋಯುತ್ತಿದ್ದರೆ ಅದು ನನ್ನದು.

ಇವರನ್ನು ಕೇಳಿದೆ. "ಅಣ್ಣನ ತಲೇಲಿ ಯಾವುದೋ ಹಳೇ ನಾಟಕದ ಸೀನು ಓಡ್ತಿರುತ್ತೆ ಬಿಡು" ಅಂದರು. ಚೀಟಿ ಕೊಡು ಅಂದರು. ಕೊಡಲಿಲ್ಲ, ಅದು ನನಗೆ ಬರೆದದ್ದು.

ನಿಮ್ಮ ಅರವತ್ತು ಪ್ರಶ್ನೆಗಳನ್ನು ಇವರು ಬಸ್ಸಿನಲ್ಲಿ ಓದುತ್ತಾರೆ, ತುಟಿ ಅಲ್ಲಾಡಿಸುತ್ತ. "ನೀನೂ ಓದು" ಎಂದು ಬೆನ್ನು ಹತ್ತಿದ್ದಾರೆ. ನನ್ನ ಮನೆಯ ಸಂಗತಿ ನಾನೇ ಬಾಯಿಪಾಠ ಮಾಡುವುದೇ? ಕಾಟ ತಪ್ಪಲಿ ಎಂದು "ಓದಿದೆ, ಎಲ್ಲ ಬರುತ್ತೆ" ಅಂದುಬಿಟ್ಟೆ. ನೀವು ಹೇಳಿಬಿಡಬೇಡಿ. ನಾವು ಸಿಕ್ಕಿದ್ದು ಯಾವ ಗ್ರಂಥಾಲಯದಲ್ಲೂ ಅಲ್ಲ. ಮುರಿದ ಹಲ್ಲನ್ನು ಕಾಗದದಲ್ಲಿ ಸುತ್ತಿಕೊಂಡು ನಮ್ಮ ಲ್ಯಾಬಿನ ಕಿಟಕಿಗೆ ಬಂದು, "ಇದನ್ನ ಅಂಟಿಸಿ ಕೊಡ್ತೀರಾ" ಅಂದಿದ್ದರು. "ಇದು ಚಪ್ಪಲಿ ಅಂಗಡಿ ಅಲ್ಲ" ಅಂದಿದ್ದೆ. ಹಾಗೆ ಶುರುವಾದದ್ದು.

ಒಂದು ಮಾತು. ಕಳೆದ ಚಳಿಗಾಲದಲ್ಲಿ ಮೂರು ತಿಂಗಳು ತುಂಬಿದ್ದ ನನ್ನ ಬಸಿರು ನಿಲ್ಲಲಿಲ್ಲ. ಇವರು ನಿಮಗೆ ಹೇಳಿರುತ್ತಾರೆ. ಆ ದಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ನನ್ನ ಚಪ್ಪಲಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅದನ್ನು ನೋಡಿದವಳಿಗೆ ಅರವತ್ತು ಪ್ರಶ್ನೆಗಳ ಭಯವಿಲ್ಲ.

ಹೇಳಿಕೆ ಬೇಗ ಕಳಿಸಿ.

ನಿಮ್ಮ ಮಗಳು


ಮೇ 20

ತಂಗಿಗೆ,

ಕ್ಷೇಮ. ನೀವು ಕೇಳಿದ ಹೇಳಿಕೆಯನ್ನು ಸಹಿ ಮಾಡಿ ಇದರ ಜೊತೆ ಇಟ್ಟಿದ್ದೇನೆ. ನೀವು ಬರೆದಿದ್ದ ಮೂರೂ ಮಾತುಗಳಿವೆ. ಆರೋಗ್ಯ ನೋಡಿಕೊಳ್ಳಿ.

ಭಾವ


ಜೂನ್ 8

ಪ್ರೀತಿಯ ಭಾವನವರಿಗೆ,

ಐದು ವಾರಕ್ಕೆ ಬರುತ್ತಿದ್ದ ಉತ್ತರ ಈ ಸಲ ಏಳು ವಾರಕ್ಕೆ ಬಂತು. ಲಕೋಟೆಯನ್ನು ತಲೆಕೆಳಗು ಮಾಡಿ ಕೊಡವಿದೆ, ಚೀಟಿ ಎಲ್ಲಾದರೂ ಅಂಟಿಕೊಂಡಿರಬಹುದೆಂದು. ಇರಲಿಲ್ಲ. ಹದಿನೇಳು ರಾಜ್ಯ ಆಳಿದವರು ನಾಲ್ಕು ಸಾಲಿಗೆ ಸುಸ್ತಾದಿರೇ?

ನಾನು ಬಸಿರಿನ ವಿಷಯ ಬರೆದದ್ದು ತಪ್ಪಾಯಿತೇನೋ. ಹೆಂಗಸರು ಭಾವನ ಹತ್ತಿರ ಆಡುವ ಮಾತಲ್ಲ ಎಂದು ಆಮೇಲೆ ಅನ್ನಿಸಿತು. ಅಥವಾ ನೀವು ಕಷ್ಟಪಟ್ಟು ಬರೆದ ಪ್ರಶ್ನೆಗಳನ್ನು ನಾನು ತಮಾಷೆ ಮಾಡಿದೆ ಎಂದೇ? ಯಾವುದಾದರೂ ಇರಲಿ, ಕ್ಷಮಿಸಿ. ಹೇಳಿಕೆಯ ಮೂರು ಮಾತು ಫೈಲಿಗೆ ಸಾಕು. ನನಗೆ ಸಾಲದು.

ಹೊಲಿಗೆ ಅಕ್ಕನಿಗೆ ನಮಸ್ಕಾರ ಹೇಳಿ.

ನಿಮ್ಮ ಮಗಳು


ಜೂನ್ 28

ಭಾವನವರಿಗೆ,

ಸಂದರ್ಶನ ಮುಗಿಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನನ್ನ ಕೋಣೆಯಲ್ಲಿ ಒಬ್ಬ ಅಧಿಕಾರಿ ಹೆಂಗಸು. ಒಳ್ಳೆಯ ಮುಖ. ಗಂಡನಿಗೆ ಚಹಾಕ್ಕೆ ಸಕ್ಕರೆ ಎಷ್ಟು ಅಂತ ಕೇಳಿದರು. "ಎರಡು ಚಮಚ. ನಾನು ಆ ಕಡೆ ತಿರುಗಿದರೆ ಮೂರು" ಅಂದೆ. ಅವರು ನಕ್ಕರು. ಮಂಚದ ಯಾವ ಪಕ್ಕ ಅಂದರು, ಗೋಡೆಯ ಕಥೆ ಹೇಳಿದೆ. ಮೊದಲು ಸಿಕ್ಕಿದ್ದು ಎಲ್ಲಿ ಅಂದರು, ಹಲ್ಲಿನ ಕಥೆ ಹೇಳಿದೆ. ಇಪ್ಪತ್ತು ನಿಮಿಷ. ಆಮೇಲೆ ಇನ್ನೊಂದು ಕೋಣೆಯಿಂದ ಒಂದು ಹಾಳೆ ತರಿಸಿಕೊಂಡರು. ಓದುತ್ತ ಓದುತ್ತ ಅವರ ನಗು ಹೋಯಿತು. ಹಾಳೆಯನ್ನು ನನ್ನ ಕಡೆ ತಿರುಗಿಸಿದರು.

ಗ್ರಂಥಾಲಯ. ಸಕ್ಕರೆ ಇಲ್ಲ. ಅವನು ಎಡ, ನಾನು ಬಲ.

"ಅಮ್ಮಾ, ಈ ಮನುಷ್ಯ ನಿಮ್ಮ ಮನೇಲಿ ಇದ್ದಾರಾ?" ಎಂದು ಆಕೆ ಕೇಳಿದರು. ಮೆಲ್ಲಗೆ ಕೇಳಿದರು, ಅದೇ ಕಷ್ಟವಾಯಿತು. ಇದ್ದಾರೆ ಎಂದೆ. ನನ್ನ ದನಿ ನನಗೇ ಸುಳ್ಳಿನಂತೆ ಕೇಳಿಸಿತು. ಎರಡು ಉತ್ತರಗಳಲ್ಲಿ ಯಾಕೆ ಇಷ್ಟು ವ್ಯತ್ಯಾಸ ಎಂದು ಆಗಸ್ಟ್ 12ರ ಒಳಗೆ ನಾನು ಸಹಿ ಮಾಡಿ ವಿವರಣೆ ಕೊಡಬೇಕು. ಇಲ್ಲದಿದ್ದರೆ ಅರ್ಜಿ ತಳ್ಳಿಹಾಕುತ್ತಾರೆ.

ಬಸ್ಸಿನಲ್ಲಿ ನಿಮ್ಮ ತಮ್ಮ ನನ್ನ ಮೇಲೇ ಹರಿಹಾಯ್ದರು. "ಓದಿದೆ ಅಂದ್ಯಲ್ಲ? ಯಾಕೆ ಓದಲಿಲ್ಲ?"

"ನಿಮಗೆ ಸಕ್ಕರೆ ಎಷ್ಟು ಬೇಕು ಅಂತ ನಿಮಗೇ ಗೊತ್ತಿಲ್ವಾ?"

"ಅದಲ್ಲ ವಿಷಯ."

"ಮತ್ತೇನು ವಿಷಯ?"

ಕಿಟಕಿಯ ಕಡೆ ತಿರುಗಿಕೊಂಡರು. ನನ್ನ ಜೊತೆ ಎರಡು ವರ್ಷ ಉಂಡು ಮಲಗಿದವರು, ನನ್ನ ಚಪ್ಪಲಿ ತೊಡೆಯ ಮೇಲೆ ಇಟ್ಟುಕೊಂಡವರು, ನಮ್ಮ ಮನೆಯ ಪ್ರಶ್ನೆಗೆ ಕಾಗದದಲ್ಲಿದ್ದ ಬೇರೆ ಯಾವುದೋ ಮನೆಯನ್ನು ಒಪ್ಪಿಸಿ ಬಂದರು. ನಿಜವನ್ನು ಹೇಳಬಹುದು ಎಂಬುದೇ ಅವರಿಗೆ ಹೊಳೆದಿರಲಿಲ್ಲ.

ಮನೆಗೆ ಬಂದ ಮೇಲೆ ಪರ್ಸಿನಿಂದ ನಿಮ್ಮ ಎರಡು ಚೀಟಿ ತೆಗೆದು ಅಡುಗೆಮನೆಯ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಉಪಕಾರ. ಸೋಫಾ. ಇನ್ನು ಕೆಲವೇ ತಿಂಗಳು. ಒಬ್ಬ ಹೆಣ್ಣುಮಗಳ ಮನೆ, ಅಂದರೆ ನಾನು ಯಾರೋ ಒಬ್ಬಳು.

ಹೊಲಿಗೆಯವಳು ಯಾರು, ಭಾವ? ನಾಟಕದ ಮಾತು ಬೇಡ. ಒಂದು ಸಾಲು ಸಾಕು. ಲ್ಯಾಬಿನ ವಿಳಾಸಕ್ಕೆ ಬರೆಯಿರಿ.


ಜುಲೈ 17

ತಾಯಿ,

ಅವಳು ದೊರೆಯ ಹೆಂಡತಿ. ಆರು ವರ್ಷವಾಯಿತು.

ಒಂದು ಸಾಲು ಕೇಳಿದಿರಿ, ಕೊಟ್ಟೆ. ಮುಂದಿನದನ್ನು ಓದುವುದು ಬಿಡುವುದು ನಿಮಗೆ ಸೇರಿದ್ದು.

ಎರಡು ವರ್ಷದ ಹಿಂದೆ ಅವನು ನಮ್ಮಿಬ್ಬರಿಗೂ ಹೇಳಿದ್ದು ಹೀಗೆ: ಅಲ್ಲೊಬ್ಬ ದಯಾವಂತೆ ಇದ್ದಾಳೆ, ಬರೀ ಕಾಗದದ ಮದುವೆಗೆ ಒಪ್ಪಿದ್ದಾಳೆ, ಹಾಲಿನ ಸೋಫಾದ ಮೇಲೆ ಮಲಗಲು ಜಾಗ ಕೊಟ್ಟಿದ್ದಾಳೆ, ಕಾಯಂ ವಾಸದ ಮುದ್ರೆ ಬಿದ್ದ ಮೇಲೆ ಬಿಡುಗಡೆ ಪತ್ರ ಮಾಡಿಕೊಂಡು ಇವಳನ್ನು ಕರೆಸಿಕೊಳ್ಳುತ್ತೇನೆ. ನಾವು ನಂಬಿದೆವು. ಇವಳು ಹೊಲಿಗೆ ಯಂತ್ರದ ಮುಂದೆ ಕೂರುವ ಮೊದಲು ದಿನಾ ನಿಮಗೆ ಒಳ್ಳೆಯದಾಗಲಿ ಅನ್ನುತ್ತಾಳೆ. ಇವತ್ತು ಬೆಳಿಗ್ಗೆಯೂ ಅಂದಳು. ನಾನು ಎದ್ದು ಹೊರಗೆ ಹೋದೆ.

ನಿಮಗೂ ಎಲ್ಲ ಗೊತ್ತು ಎಂದುಕೊಂಡೇ ಮೊದಲ ಪತ್ರ ಬರೆದೆ. ಸಾಬೂನು, ಕುಲುಮೆ, ಮಗಳು, ಎಲ್ಲವೂ ಫೈಲಿಗಾಗಿ ಕಟ್ಟಿದ ಸೀನು. ಚೀಟಿಯಲ್ಲಿ ಮಾತ್ರ ನಿಜ ಬರೆದೆ. ನಿಮ್ಮ ಏಪ್ರಿಲ್ ಪತ್ರ ಬಂದ ದಿನ ನಾನು ಹೊಸಲಿನ ಮೇಲೆ ಕೂತವನು ಮಧ್ಯಾಹ್ನದವರೆಗೆ ಏಳಲಿಲ್ಲ. ಒಂಬತ್ತು ಸಲ ಸತ್ತವನಿಗೆ ಹತ್ತನೆಯದಕ್ಕೆ ಮಾತೇ ಬರೆದಿರಲಿಲ್ಲ. ಪಕ್ಕದ ಔಷಧಿ ಅಂಗಡಿಯವನ ಕೈಯಲ್ಲಿ ದೊರೆಗೆ ಮೆಸೇಜು ಹಾಕಿಸಿದೆ, ಇಬ್ಬರಲ್ಲಿ ಯಾರು ನಿನ್ನ ಹೆಂಡತಿ ಎಂದು. "ಮೊದಲು ಮುದ್ರೆ ಬೀಳಲಿ ಅಣ್ಣ, ಆಮೇಲೆ ನೋಡೋಣ" ಎಂದು ಉತ್ತರ ಬಂತು. ಇವಳ ಹತ್ತಿರವೂ ಆಮೇಲೆ, ನಿಮ್ಮ ಹತ್ತಿರವೂ ಆಮೇಲೆ.

ಅಷ್ಟೆಲ್ಲ ತಿಳಿದ ಮೇಲೂ ಆ ಹೇಳಿಕೆಗೆ ಸಹಿ ಹಾಕಿದೆ. ಇದಕ್ಕೂ ಮೊದಲು ಅವನಿಗೆ ಮದುವೆ ಆಗಿರಲಿಲ್ಲ ಎಂದು ನನ್ನ ಕೈಯಾರೆ ಬರೆದೆ. ಪಕ್ಕದ ಕೋಣೆಯಲ್ಲಿ ಅವಳ ಯಂತ್ರ ಓಡುತ್ತಿತ್ತು. ನಾಲ್ಕು ಸಾಲಿಗಿಂತ ಹೆಚ್ಚು ಬರೆಯಲು ಆಗಲಿಲ್ಲ, ಅದಕ್ಕೇ ಕಾಗದ ಅಷ್ಟು ತಣ್ಣಗಿತ್ತು.

ಈಗ ಕೇಳುವುದಕ್ಕೆ ಮುಖವಿಲ್ಲ, ಆದರೂ ಕೇಳುತ್ತೇನೆ. ಆ ವಿವರಣೆ ಬರೆದುಕೊಡಿ. ಹೆದರಿಕೆಗೆ ತಡವರಿಸಿದ ಅಂತ ಬರೆಯಿರಿ, ನಂಬುತ್ತಾರೆ. ಮುದ್ರೆ ಬಿದ್ದ ಮರುದಿನ ಅವನನ್ನು ಮನೆಯಿಂದ ನೂಕಿ, ಉಗಿಯಿರಿ, ನಾನು ಒಂದು ಮಾತು ಆಡುವುದಿಲ್ಲ. ಈಗ ಬರಿಗೈಯಲ್ಲಿ ಬಂದರೆ ಇವಳು ಕಾದ ಇಷ್ಟು ವರ್ಷಕ್ಕೆ ಏನು ಹೇಳಲಿ? ಇವಳಿಗೆ ಮಾತ್ರ ತಿಳಿಸಬೇಡಿ. ಇವಳು ತಡೆದುಕೊಳ್ಳುವುದಿಲ್ಲ.

ನೀವು ಮಗಳು ಎಂದು ಸಹಿ ಮಾಡಿದ ಮೇಲೆ ನಾನು ಬರೆದದ್ದರಲ್ಲಿ ನಟನೆ ಎಷ್ಟು, ನಿಜ ಎಷ್ಟು, ನನಗೇ ಗೊತ್ತಿಲ್ಲ.


ಆಗಸ್ಟ್ 9

ಭಾವನವರಿಗೆ,

ನಿಮ್ಮ ಪತ್ರ ಆಗಸ್ಟ್ 3ಕ್ಕೆ ಬಂತು. ನಾನು ಒಂದು ಕೆಳದವಡೆಗೆ ಹಲ್ಲು ಕೂರಿಸುತ್ತಿದ್ದೆ. ಮೊದಲ ಸಾಲು ಓದಿ, ಮಡಿಚಿ, ಉಳಿದ ಹದಿಮೂರು ಹಲ್ಲು ಕೂರಿಸಿ ಮುಗಿಸಿದೆ. ಯಾರೋ ಅದರಲ್ಲಿ ಊಟ ಮಾಡಬೇಕಲ್ಲ. ಆಮೇಲೆ ಉಳಿದದ್ದು ಓದಿದೆ.

ಮನೆಗೆ ಹೋಗಿ ಅವನ ಮುಂದೆ ಹಿಡಿದೆ. ನಿಂತೇ ಓದಿದ. ನಿಲ್ಲಿಸಿ ನಿಲ್ಲಿಸಿ ಓದಿದ.

"ಅಣ್ಣನಿಗೆ ವಯಸ್ಸಾಯ್ತು" ಅಂದ.

"ಆಮೇಲೆ?"

"ನಿನ್ನನ್ನ ಬಿಡ್ತಿರಲಿಲ್ಲ ನಾನು."

"ಅವಳನ್ನ?"

ಇದಕ್ಕೆ ಉತ್ತರ ಅವನಿಗೆ ಯಾರೂ ಬರೆದುಕೊಟ್ಟಿರಲಿಲ್ಲ ನೋಡಿ. ಅವನ ಬಟ್ಟೆ ಒಂದು ಪೆಟ್ಟಿಗೆಯಲ್ಲಿ ಹಿಡಿಯಿತು. ಈಗ ಕಾಲೇಜಿನ ಸ್ನೇಹಿತನೊಬ್ಬನ ಕೋಣೆಯಲ್ಲಿದ್ದಾನೆ. 31ರವರೆಗೆ ವೀಸಾ ಇದೆ.

ಐದನೇ ತಾರೀಕು ವಲಸೆ ಕಚೇರಿಗೆ ಹೋದೆ. ಅದೇ ಅಧಿಕಾರಿ ಹೆಂಗಸು. ವಿವರಣೆ ತಂದಿರಾ ಅಂದರು. ಅರ್ಜಿಯನ್ನೇ ಹಿಂದೆ ತೆಗೆದುಕೊಳ್ಳುತ್ತೇನೆ ಅಂದೆ. ಒಂದು ಪುಟದ ನಮೂನೆ ಕೊಟ್ಟರು. ಕಾರಣ ಬರೆಯಲು ಒಂದೇ ಗೆರೆ ಬಿಟ್ಟಿದ್ದಾರೆ. ಅಲ್ಲಿ, ಅವನಿಗೆ ಮೊದಲೇ ಮದುವೆಯಾಗಿದೆ, ಇದು ನನಗೆ ತಿಳಿದಿರಲಿಲ್ಲ ಎಂದು ಬರೆದೆ. ನಿಮ್ಮ ಹೇಳಿಕೆ ಸುಳ್ಳೆಂದೂ ಅಲ್ಲೇ ಬರೆಯಬೇಕೇ ಎಂದು ಕೇಳಿದೆ. "ಅದು ತಾನಾಗೇ ಗೊತ್ತಾಗುತ್ತೆ ಬಿಡಿ" ಅಂದರು. ನನಗೆ ಒಂದು ಲೋಟ ನೀರು ತಂದುಕೊಟ್ಟರು.

ಅವನ ಮೇಲಿನ ಸಿಟ್ಟಿಗೆ ಮನೆ ತುಂಬ ಜಾಗವಿದೆ. ಮಂಚ, ಬೂಟು ಇಡುತ್ತಿದ್ದ ಮೂಲೆ, ಸಕ್ಕರೆ ಡಬ್ಬಿ. ನಿಮ್ಮ ಮೇಲಿನದನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ. ನಾನು ನಿಮ್ಮನ್ನು ನೋಡಿಯೇ ಇಲ್ಲ. ನನ್ನ ಹೊಟ್ಟೆ ಖಾಲಿಯಾದ ಸಂಗತಿಯನ್ನು ನಿಮಗೆ ಬರೆದೆ. ಅದನ್ನು ಓದಿ, ಎಲ್ಲ ಅರ್ಥ ಮಾಡಿಕೊಂಡು, ಹದಿನೈದು ದಿನ ಯೋಚಿಸಿ, ಪೆನ್ನು ತೆಗೆದು ಆ ಹೇಳಿಕೆಗೆ ಸಹಿ ಹಾಕಿದಿರಿ. ನಾನು ಲಕೋಟೆ ಕೊಡವಿಕೊಂಡು ನಿಮ್ಮ ಕ್ಷಮೆ ಕೇಳಿದೆ. ಅವನು ಅಷ್ಟು ಯೋಚನೆ ಮಾಡಿದವನಲ್ಲ. ನೀವು ಮಾಡಿದಿರಿ.

ಅವಳು ತಡೆದುಕೊಳ್ಳುವುದಿಲ್ಲ ಎಂದಿದ್ದೀರಿ. ನನ್ನ ಬಗ್ಗೆಯೂ ಹೀಗೇ ಯಾರೋ ಯಾರಿಗೋ ಹೇಳಿರಬೇಕು. ಇಷ್ಟು ದಿನ ನಮ್ಮಿಬ್ಬರ ಪರವಾಗಿಯೂ ನೀವಿಬ್ಬರೇ ಮಾತಾಡಿದ್ದು ಸಾಕು. ಕಚೇರಿಯಿಂದ ನೇರ ಅಂಚೆಮನೆಗೆ ಹೋಗಿ ಹೊಲಿಗೆ ಅಕ್ಕನಿಗೊಂದು ಪತ್ರ ಹಾಕಿದ್ದೇನೆ, ನಿಮಗೆ ಬರೆಯುವ ನಾಲ್ಕು ದಿನ ಮೊದಲೇ. ಹೆಸರನ್ನು ಅವನ ಬಾಯಿಂದಲೇ ಹೇಳಿಸಿ ಬರೆದುಕೊಂಡಿದ್ದೆ. ಅರ್ಜಿ ಹಿಂದೆ ತೆಗೆದುಕೊಂಡ ನಮೂನೆಯ ಪ್ರತಿ ಇಟ್ಟಿದ್ದೇನೆ, ನೀವು ನನಗೆ ಬರೆದ ಎಲ್ಲ ಪತ್ರಗಳ ಪ್ರತಿ ಇಟ್ಟಿದ್ದೇನೆ. ಬೇರೆಯವರ ಕೈಗೆ ಕೊಡಕೂಡದು, ಖುದ್ದು ಅವರೇ ಸಹಿ ಹಾಕಿ ತೆಗೆದುಕೊಳ್ಳಬೇಕು, ಆ ಥರದ ಟಪಾಲು.

ಇದನ್ನು ನೀವು ಓದುವ ಹೊತ್ತಿಗೆ ಅಂಚೆಯವನು ಬಂದು ಹೋಗಿರುತ್ತಾನೆ. ಬಾಗಿಲು ತೆಗೆದದ್ದು ನೀವೇ ಇರಬಹುದು. ಅಭ್ಯಾಸದಂತೆ ಕೈ ಚಾಚಿರಬಹುದು. ಅವನು ನಿಮ್ಮನ್ನು ದಾಟಿ ಒಳಗೆ ನೋಡುತ್ತ, ಅವರ ಹೆಸರು ಹಿಡಿದು ಕರೆದಿರುತ್ತಾನೆ.